ಪಕ್ಷಿತಜ್ಞ ಸಲೀಂ ಅಲಿ ಮತ್ತು ಹಕ್ಕಿಯ ಕಾಲಿನ ಉಂಗುರ

ಮಳೆಗಾಲ ಮುಗಿದು ಕಾರ್ತಿಕದ ಚಳಿ ತಲೆದೋರುತ್ತಿದ್ದಂತೆ ನಮ್ಮ ಸೀಮೆಗೆ ಕೆಲವು ಅತಿಥಿಗಳು ಬರುವುದುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕೆರೆಗಳಲ್ಲಿ ನೀರು ನಿಂತ ವರ್ಷ ಬಾತುಗಳ ಹಿಂಡು ಇಳಿಯುತ್ತದೆ. ಕೆರೆಯಂಗಳದ ಕೆಸರಿನಲ್ಲಿ ಬಾಲವನ್ನು ಕುಣಿಸುತ್ತ ಸಿಪಿಲೆಗಳು ಓಡಾಡುತ್ತವೆ. ನಂದಿಬೆಟ್ಟದ ಮರಗಳ ನೆತ್ತಿಯಲ್ಲಿ ಗುಬ್ಬಿಗಿಂತಲೂ ಚಿಕ್ಕದಾದ ಎಲೆ ಉಲಿಯಕ್ಕಿಗಳ ಸದ್ದು ಕೇಳುತ್ತದೆ. ಯುಗಾದಿ ಕಳೆದು ಬಿಸಿಲು ಬಲಿಯುವ ವೇಳೆಗೆ ಇವುಗಳಲ್ಲಿ ಒಂದೂ ಉಳಿದಿರುವುದಿಲ್ಲ. ಇವು ಎಲ್ಲಿಂದ ಬಂದವು, ಎಲ್ಲಿಗೆ ಹೋದವು? ಈ ವರ್ಷ ಬಂದುದೇ ಮುಂದಿನ ವರ್ಷವೂ ಬರುವುದೆ? ಹೊಲದಲ್ಲಿ ದುಡಿಯುವ ರೈತನೂ ಕುರಿ ಕಾಯುವ ಹುಡುಗನೂ ಎಂದಾದರೊಮ್ಮೆ ಕೇಳಿಕೊಂಡಿರಬಹುದಾದ ಪ್ರಶ್ನೆಗಳಿವು. ಆದರೆ ಇವಕ್ಕೆ ಉತ್ತರ ಪಡೆಯುವುದು ಸುಲಭವಲ್ಲ. ಹಕ್ಕಿಗೆ ಹಕ್ಕಿ ಒಂದೇ ರೂಪು. ಹಾರಿಹೋದ ಮೇಲೆ ಅದನ್ನು ಗುರುತಿಸುವುದು ಹೇಗೆ?

ಈ ಪ್ರಶ್ನೆಗಳ ಬೆನ್ನು ಹತ್ತಿ ನಮ್ಮ ದೇಶದಲ್ಲಿ ಒಂದು ಇಡೀ ಜೀವಮಾನವನ್ನು ಕಳೆದ ಮಹನೀಯರು ಡಾಕ್ಟರ್ ಸಲೀಂ ಅಲಿಯವರು. ಅವರ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆದರೆ ಕೋವಿಯನ್ನು ಹಿಡಿದು ಹಕ್ಕಿಗಳ ಲೋಕಕ್ಕೆ ಕಾಲಿಟ್ಟ ಅವರು ಮುಂದೆ ಹಕ್ಕಿಯನ್ನು ಜೀವಸಹಿತ ಹಿಡಿದು, ಗುರುತು ತೊಡಿಸಿ, ಮತ್ತೆ ಆಕಾಶಕ್ಕೇ ಒಪ್ಪಿಸುವ ವಿದ್ಯೆಯನ್ನು ಈ ನೆಲದಲ್ಲಿ ಬೇರೂರಿಸಿದರೆಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ಆ ಕೆಲಸದ ಒಂದು ಮುಖ್ಯ ಘಟ್ಟಕ್ಕೆ ನಮ್ಮ ಮಲೆನಾಡಿನ ಒಂದು ವ್ಯಾಧಿಯೇ ನಿಮಿತ್ತವಾಯಿತೆಂಬುದಂತೂ ಇನ್ನೂ ಕಡಮೆ ಜನರಿಗೆ ಗೊತ್ತು. ಆ ದೃಷ್ಟಿಯಿಂದ ಅವರ ಜೀವನವನ್ನು ಅವಲೋಕಿಸುವುದೇ ಈ ಲೇಖನದ ಉದ್ದೇಶ.

ಸಲೀಂ ಅಲಿಯವರು ೧೮೯೬ನೆಯ ಇಸವಿ ನವೆಂಬರ್ ೧೨ರಂದು ಮುಂಬಯಿಯಲ್ಲಿ ಜನಿಸಿದರು. ದೊಡ್ಡ ಸಂಸಾರದ ಕಡೆಯ ಕೂಸು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರನೆಯ ವಯಸ್ಸಿಗೆ ತಾಯಿಯೂ ಇಲ್ಲವಾದರು. ತಬ್ಬಲಿ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತಯಬ್‌ಜಿಯವರೂ ಮಕ್ಕಳಿಲ್ಲದ ಸೋದರತ್ತೆ ಹಮೀದಾ ಬೇಗಮರೂ ಸಾಕಿದರು. ಮಾವನವರಿಗೆ ಬೇಟೆಯ ಹವ್ಯಾಸ. ಹುಡುಗನ ಕೈಗೂ ಒಂದು ಗಾಳಿಕೋವಿ ಬಂದಿತು. ಹತ್ತು ಹನ್ನೆರಡು ವರ್ಷದವನಿದ್ದಾಗ ಅವನು ಹೊಡೆದ ಗುಬ್ಬಿಯೊಂದರ ಕೊರಳಲ್ಲಿ ಹಳದಿಯ ಮಚ್ಚೆಯಿತ್ತು. ಇಂಥ ಗುಬ್ಬಿಯನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮಾವನವರು ಹುಡುಗನಿಗೆ ಒಂದು ಪರಿಚಯ ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ೧೮೮೩ರಲ್ಲಿ ಸ್ಥಾಪನೆಯಾದ ಈ ನಿಸರ್ಗ ಸಂಘದ ಕಾರ್ಯದರ್ಶಿ ಆಗ ಮಿಲ್ಲಾರ್ಡ್ ಎಂಬ ಆಂಗ್ಲ ಮಹಾಶಯರು. ಅವರು ಬಾಲಕನೆಂದು ತಾತ್ಸಾರ ಮಾಡದೆ ಹಕ್ಕಿಯ ಹೆಸರನ್ನು ಹೇಳಿದರು. ಬೀರುಗಳನ್ನು ತೆರೆದು, ಚರ್ಮ ಸುಲಿದು ತುಂಬಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹುಡುಗನ ಬಾಳಿನ ದಿಕ್ಕು ಅಂದೇ ಬದಲಾಯಿತು.

ಶಾಲೆಯ ವಿದ್ಯೆ ಮಾತ್ರ ಕೈಹಿಡಿಯಲಿಲ್ಲ. ಅನಾರೋಗ್ಯದಿಂದ ತರಗತಿಗಳಿಗೆ ಆಗಾಗ್ಗೆ ಅಡ್ಡಿಯಾಗುತ್ತಿತ್ತು. ೧೯೧೩ರಲ್ಲಿ ಹೇಗೋ ಮೆಟ್ರಿಕ್ಯುಲೇಷನ್ ದಾಟಿದರು. ಕಾಲೇಜಿಗೆ ಸೇರಿದರೂ ಗಣಿತದ ಲಾಗರಿದಮ್ಮುಗಳಿಗೆ ಹೆದರಿ ಮೊದಲ ವರ್ಷದಲ್ಲಿಯೇ ಬಿಟ್ಟು ಬರ್ಮಾ ದೇಶದ ಟವಾಯ್‌ಗೆ ತೆರಳಿದರು. ಅಲ್ಲಿ ಮನೆಯವರಿಗೆ ಗಣಿ ಮತ್ತು ಮರದ ವ್ಯಾಪಾರವಿತ್ತು. ವ್ಯಾಪಾರ ಕೈಗೂಡಲಿಲ್ಲ, ಕಾಡು ಕೈಗೂಡಿತು. ೧೯೧೭ರಲ್ಲಿ ಮುಂಬಯಿಗೆ ಹಿಂದಿರುಗಿ, ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರಗಳ ವ್ಯಾಸಂಗಕ್ಕೆ ತೊಡಗಿದರು. ಅವರ ಒಲವನ್ನು ಕಂಡ ಸೇಂಟ್ ಜೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರು ಪ್ರಾಣಿಶಾಸ್ತ್ರವನ್ನೂ ಓದಲು ಪ್ರೇರೇಪಿಸಿದರು. ೧೯೧೮ರಲ್ಲಿ ತೆಹಮೀನಾ ಅವರೊಡನೆ ವಿವಾಹವಾಯಿತು. ವಿಶ್ವವಿದ್ಯಾನಿಲಯದ ಪದವಿಯೊಂದು ಮಾತ್ರ ಅವರಿಗೆ ಕೊನೆಗೂ ಬರಲಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಯೊಂದು ತೆರವಾದಾಗ, ಪದವಿಯಿಲ್ಲವೆಂಬ ಕಾರಣದಿಂದ ಅದು ತಪ್ಪಿತು.

೧೯೨೬ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ ನೋಡಬಂದವರಿಗೆ ವಿವರಣೆ ನೀಡುವ ಉಪನ್ಯಾಸಕರಾದರು. ತಿಂಗಳಿಗೆ ೩೫೦ ರೂಪಾಯಿ ಸಂಬಳ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಸತ್ತ ಹಕ್ಕಿಗಳ ವಿಷಯವನ್ನು ಹೇಳುವುದರಲ್ಲಿ ಅವರಿಗೆ ತೃಪ್ತಿ ಸಿಗಲಿಲ್ಲ. ೧೯೨೮ರಲ್ಲಿ ರಜೆ ಪಡೆದು ಜರ್ಮನಿಗೆ ಹೊರಟರು. ಬರ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೇಸ್‌ಮನ್ ಅವರ ಶಿಷ್ಯರಾದರು. ಉತ್ತರ ಸಮುದ್ರದ ನಡುವೆ ಹೆಲಿಗೋಲ್ಯಾಂಡ್ ಎಂಬ ಪುಟ್ಟ ದ್ವೀಪವಿದೆ. ಕಡಲ ಮೇಲೆ ಹಾರಿ ದಣಿದ ವಲಸೆ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಅಲ್ಲಿನ ಪಕ್ಷಿವೀಕ್ಷಣ ಕೇಂದ್ರದಲ್ಲಿ ಸಲೀಂ ಅಲಿಯವರು ಹಕ್ಕಿಗಳನ್ನು ಜೀವಸಹಿತ ಹಿಡಿದು ಉಂಗುರ ತೊಡಿಸುವ ವಿದ್ಯೆಯಲ್ಲಿ ಕೈಪಳಗಿಸಿಕೊಂಡರು.

ಈ ಉಂಗುರದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಚಳಿಗಾಲ ಬಂದೊಡನೆ ಕಣ್ಮರೆಯಾಗುವ ಬಾನಾಡಿಗಳು ಕೆರೆಯ ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆಂದು ಯೂರೋಪಿನ ಜನ ಶತಮಾನಗಳ ಕಾಲ ನಂಬಿದ್ದರು. ೧೮೨೨ರಲ್ಲಿ ಜರ್ಮನಿಯ ಹಳ್ಳಿಯೊಂದರಲ್ಲಿ ಸಿಕ್ಕ ಕೊಕ್ಕರೆಯ ಕುತ್ತಿಗೆಯಲ್ಲಿ ಆಫ್ರಿಕಾ ಖಂಡದ ಈಟಿಯೊಂದು ನೆಟ್ಟಿತ್ತು! ಪಾಪ, ಆ ಹಕ್ಕಿ ಅದನ್ನು ಹೊತ್ತುಕೊಂಡೇ ಅಷ್ಟು ದೂರ ಹಾರಿ ಬಂದಿತ್ತು. ಯಾರೋ ಬೇಟೆಗಾರ ಕೊಲ್ಲಲೆಂದು ಎಸೆದ ಆಯುಧವೇ ವಲಸೆಯ ಪುರಾವೆಯಾಯಿತು. ಈಟಿಯ ಕೆಲಸವನ್ನು ನೋವಿಲ್ಲದೆ ಮಾಡಿಸಿದವರು ಡೆನ್ಮಾರ್ಕಿನ ಉಪಾಧ್ಯಾಯರಾದ ಮಾರ್ಟೆನ್ಸನ್ ಅವರು. ನಮ್ಮ ಗೊರವಂಕದ ಕುಲಕ್ಕೇ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳನ್ನು ಹಿಡಿದು, ಅಲ್ಯೂಮಿನಿಯಮ್ ಉಂಗುರಗಳನ್ನು ಅವುಗಳ ಕಾಲಿಗೆ ತೊಡಿಸಿ ಬಿಡುವ ಕ್ರಮಬದ್ಧ ಪದ್ಧತಿಯನ್ನು ಅವರು ೧೮೯೯ರಲ್ಲಿ ಆರಂಭಿಸಿದರು. ಉಂಗುರದ ಮೇಲೆ ಒಂದು ಸಂಖ್ಯೆ, ಒಂದು ವಿಳಾಸ, ಇಷ್ಟೆ. ಎಲ್ಲಿಯೋ, ಎಂದೋ, ಯಾರಿಗೋ ಆ ಹಕ್ಕಿ ಸಿಕ್ಕಿ, ಅವರು ವಿಳಾಸಕ್ಕೆ ಒಂದು ಕಾಗದ ಬರೆದರೆ ಹಕ್ಕಿಯ ದಾರಿ ತಿಳಿಯುತ್ತದೆ. ಬರೆಯದಿದ್ದರೆ ಇಲ್ಲ. ಚಿಕ್ಕ ಹಕ್ಕಿಗಳಲ್ಲಿ ನೂರಕ್ಕೆ ಒಂದರ ಸುದ್ದಿ ಬಂದರೂ ಹೆಚ್ಚು. ಇದು ಅಪರಿಚಿತರ ಸೌಜನ್ಯವನ್ನು ನಂಬಿ ನಡೆಯುವ ವಿಜ್ಞಾನ.

೧೯೩೦ರಲ್ಲಿ ಇಂಥ ವಿದ್ಯೆಯನ್ನು ಕಲಿತು ತಾಯ್ನಾಡಿಗೆ ಬಂದ ಸಲೀಂ ಅಲಿಯವರಿಗೆ ಕಾದಿದ್ದುದು ನಿರುದ್ಯೋಗ. ಹಣದ ಅಭಾವದಿಂದ ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ದಂಪತಿಗಳು ಮುಂಬಯಿಯ ಬಾಡಿಗೆಯನ್ನು ತಾಳಲಾರದೆ ಸಮುದ್ರ ತೀರದ ಕೀಹೀಮ್ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಮನೆಯ ಸಮೀಪದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಬೇರೆ ಕೆಲಸವಿಲ್ಲದ ಸಲೀಂ ಅಲಿಯವರು ಮಳೆಗಾಲದುದ್ದಕ್ಕೂ ಮರೆಯಲ್ಲಿ ಕುಳಿತು ಅವುಗಳನ್ನೇ ನೋಡಿದರು. ಗಂಡು ಗೀಜಗ ಅರ್ಧ ಗೂಡನ್ನು ಹೆಣೆದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿ ಒಳಗೆ ಸೇರಿದ ಮೇಲೆ ಗಂಡು ಆ ಗೂಡನ್ನು ಪೂರ್ತಿ ಮಾಡಿ, ಮತ್ತೊಂದು ಗೂಡಿಗೆ, ಮತ್ತೊಬ್ಬಳಿಗೆ ತೊಡಗುತ್ತದೆ. ನಮ್ಮ ಬಾವಿಗಳ ಮೇಲೆ ಬಾಗಿದ ಕೊಂಬೆಗಳಲ್ಲಿಯೂ ಈಚಲು ಮರಗಳಲ್ಲಿಯೂ ತೂಗಾಡುವ ಗೀಜಗನ ಗೂಡನ್ನು ಕಾಣದವರು ಯಾರು? ಆದರೆ ಆ ಗೂಡಿನೊಳಗಿನ ಸಂಸಾರದ ನಿಜಸ್ಥಿತಿಯನ್ನು ಹೊರಗೆಡಹಿದುದು ಕೆಲಸ ಕಳೆದುಕೊಂಡವರೊಬ್ಬರ ತಾಳ್ಮೆ. ಆ ಪ್ರಬಂಧ ಅವರಿಗೆ ವಿದ್ವಾಂಸರಲ್ಲಿ ಹೆಸರು ತಂದಿತು.

ಮುಂದೆ ಸಲೀಂ ಅಲಿಯವರು ದೇಶೀಯ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಸಂಬಳವಿಲ್ಲ, ಪ್ರಯಾಣದ ವೆಚ್ಚ ಮಾತ್ರ. ಹೈದರಾಬಾದು, ತಿರುವಾಂಕೂರು, ಕೊಚ್ಚಿಗಳ ಕಾಡುಗಳಲ್ಲಿ ಅವರು ಅಲೆದರು. ತೆಹಮೀನಾ ಅವರು ಅವರಿಗೆ ಸರ್ವವಿಧದಲ್ಲಿಯೂ ಒತ್ತಾಸೆಯಾಗಿದ್ದರು. ೧೯೩೯ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ತರುವಾಯ ಆಕೆ ಅಕಾಲ ಮರಣಕ್ಕೀಡಾದರು. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಸಲೀಂ ಅಲಿಯವರು ೧೯೩೯-೪೦ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ನಡೆಸಿದರು. ನಮ್ಮ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಯ ಅಂಗವಾಗಿ ಆ ಸಂಸ್ಥಾನಕ್ಕೇ ಸೇರಿದ್ದವು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಆ ಸ್ಥಳವನ್ನು ರಕ್ಷಿಸಬೇಕೆಂದು ಅರಸರ ಮನವೊಲಿಸಿದರು. ಹಾಗೆ ೧೯೪೦ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟನ್ನು ನಾವೆಲ್ಲರೂ ಪ್ರವಾಸ ಹೋಗಿ ನೋಡಿ ಬರುತ್ತೇವೆ. ಮರುವರ್ಷ, ೧೯೪೧ರಲ್ಲಿ, ಭಾರತದ ಹಕ್ಕಿಗಳನ್ನು ಜನಸಾಮಾನ್ಯರಿಗೆ ಪರಿಚಯಿಸುವ ಅವರ ಪ್ರಸಿದ್ಧ ಪುಸ್ತಕ ಹೊರಬಂದಿತು.

ಇಷ್ಟರವರೆಗೆ ಅವರ ಅಧ್ಯಯನದ ಮುಖ್ಯ ಸಾಧನ ಕೋವಿಯೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಕಾಲದ ಪಕ್ಷಿಶಾಸ್ತ್ರವೇ ಹಾಗಿತ್ತು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳತೆ ಬರೆದು ಸಂಗ್ರಹಿಸದೆ ಜಾತಿ ಉಪಜಾತಿಗಳನ್ನು ನಿರ್ಣಯಿಸುವಂತಿರಲಿಲ್ಲ. ಆದರೆ ಬೀರುವಿನಲ್ಲಿರುವ ಹಕ್ಕಿ ತಾನು ಏನೆಂಬುದನ್ನು ಹೇಳೀತು; ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಹೇಳಲಾರದು. ಆ ಸುದ್ದಿಯನ್ನು ಹೇಳಬಲ್ಲುದು ಬಿಟ್ಟ ಹಕ್ಕಿ ಮಾತ್ರ. ನಿಸರ್ಗ ಸಂಘದವರು ೧೯೨೦ರ ದಶಕದಲ್ಲಿಯೇ ಉಂಗುರ ತೊಡಿಸುವ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದ್ದರು. ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಬೇಕೆಂಬುದು ಸಲೀಂ ಅಲಿಯವರ ಬಹುಕಾಲದ ಹಂಬಲ. ಹಣವಿರಲಿಲ್ಲ. ಆ ಅವಕಾಶ ಬಂದುದು ಅನಿರೀಕ್ಷಿತವಾಗಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕಡೆಯಿಂದ.

೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕೋತಿಗಳು ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗಳಲ್ಲಿ ಸೌದೆಗೆಂದೂ ದನ ಮೇಯಿಸಲೆಂದೂ ಕಾಡಿಗೆ ಹೋದವರು ಕಡುಜ್ವರದಿಂದ ಮಲಗಿದರು, ಅನೇಕರು ಮಡಿದರು. ಜನ ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗದ ವೈರಸ್ಸನ್ನು ಬೇರ್ಪಡಿಸಿದರು. ಉಣುಗು ಕಚ್ಚುವುದರಿಂದ ಅದು ಹರಡುವುದೆಂದು ಗೊತ್ತಾಯಿತು. ಆಶ್ಚರ್ಯವೆಂದರೆ, ಆ ವೈರಸ್ಸು ರಷ್ಯಾ ದೇಶದ ಕಾಡುಗಳಲ್ಲಿ ಕಾಣುವ ಒಂದು ಮಿದುಳು ಜ್ವರದ ವೈರಸ್ಸಿಗೆ ತೀರ ಹತ್ತಿರದ ನಂಟು. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಈ ಎರಡರ ನಡುವೆ ಪ್ರತಿವರ್ಷ ಓಡಾಡುವವರು ಯಾರು? ಸಂಶಯ ವಲಸೆ ಹಕ್ಕಿಗಳ ಮೇಲೆ ಬಿದ್ದಿತು. ಅವುಗಳ ಮೈಗೆ ಅಂಟಿಕೊಂಡ ಉಣುಗುಗಳ ಮೂಲಕ ರೋಗ ಬಂದಿರಬಹುದೆ ಎಂಬ ಪ್ರಶ್ನೆ ಎದ್ದಿತು.

ಪ್ರಶ್ನೆಗೆ ಉತ್ತರ ಬೇಕಾದರೆ ಹಕ್ಕಿಗಳನ್ನು ಹಿಡಿಯಬೇಕು; ಯಾವ ಹಕ್ಕಿ ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆಯಿತು. ೧೯೫೯ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ನಿಸರ್ಗ ಸಂಘದ ವಲಸೆ ಅಧ್ಯಯನ ಆರಂಭವಾಯಿತು. ಉಂಗುರ ಹಾಕುವ ಕೌಶಲವನ್ನು ಹೇಳಿಕೊಡಲು ಸ್ವಿಟ್ಜರ್‌ಲೆಂಡಿನ ಪಕ್ಷಿತಜ್ಞ ಷಿಫರ್ಲಿಯವರು ಬಂದರು. ಆಗ ಸಲೀಂ ಅಲಿಯವರಿಗೆ ಅರವತ್ತಮೂರು ವರ್ಷ. ಸರ್ಕಾರಿ ನೌಕರರಾಗಿದ್ದರೆ ವಿಶ್ರಾಂತಿ ವೇತನ ಪಡೆದು ಮನೆಯಲ್ಲಿರಬೇಕಾದ ವಯಸ್ಸು!

ಈ ಶಿಬಿರಗಳ ಕೆಲಸ ಕುತೂಹಲಕರವಾದುದು. ಬೆಳಗು ಹರಿಯುವ ಮೊದಲೇ ಎರಡು ಗಳುಗಳ ನಡುವೆ, ಕಣ್ಣಿಗೆ ಕಾಣದಷ್ಟು ನವುರಾದ ಬಲೆಯನ್ನು ಕಟ್ಟುತ್ತಾರೆ. ಹಾರಿ ಬಂದ ಹಕ್ಕಿ ಬಲೆಯ ಮಡಿಲಿನಲ್ಲಿ ಕುಸಿಯುತ್ತದೆ. ಬಿಸಿಲೇರಿ ಅದು ಬಳಲುವ ಮುನ್ನ ಬಿಡಿಸಬೇಕು. ಕುತ್ತಿಗೆಯನ್ನು ತೋರುಬೆರಳು ನಡುಬೆರಳುಗಳ ನಡುವೆ ಹಗುರವಾಗಿ ಹಿಡಿದರೆ ಹಕ್ಕಿ ಕೊಸರಾಡುವುದಿಲ್ಲ. ಎದೆಯನ್ನು ಒತ್ತಿದರೆ ಉಸಿರು ಕಟ್ಟುತ್ತದೆ. ಕಾಲಿನ ಗಾತ್ರಕ್ಕೆ ತಕ್ಕ ಉಂಗುರ ಹಾಕಿ, ರೆಕ್ಕೆಯನ್ನು ಅಳೆದು, ತೂಗಿ, ಗರಿಗಳನ್ನು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ನಮ್ಮ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು ತಟ್ಟೆಯಲ್ಲಿರುವ ಹುಳುವನ್ನು ನೋಡಿದೊಡನೆ ಅದು ಎಷ್ಟನೆಯ ಜ್ವರದಲ್ಲಿದೆಯೆಂದು ಹೇಳುವುದಿಲ್ಲವೆ? ಹಾಗೆಯೇ ನುರಿತ ಕಣ್ಣು ಹಕ್ಕಿಯ ಗರಿ ಉದುರಿದ ಕ್ರಮದಿಂದ ಅದರ ವರ್ಷವನ್ನು ಓದುತ್ತದೆ. ಮಂಗನ ಕಾಯಿಲೆಯ ಶೋಧಕ್ಕಾಗಿ ಹಕ್ಕಿಯ ಮೈಮೇಲಿನ ಉಣುಗುಗಳನ್ನು ಆಯ್ದು, ರಕ್ತದ ಮಾದರಿಯನ್ನೂ ತೆಗೆದುಕೊಳ್ಳುತ್ತಿದ್ದರು. ಕಡೆಗೆ ಅಂಗೈ ಬಿಚ್ಚಿದರೆ ಹಕ್ಕಿ ಹಾರಿಹೋಗುತ್ತದೆ. ಎಲ್ಲವೂ ಕೆಲವು ನಿಮಿಷಗಳ ಕೆಲಸ.

ಹಕ್ಕಿ ಹಿಡಿಯುವ ಕೈಗಳು ಯಾರವು ಎಂಬುದೂ ಗಮನಾರ್ಹ. ಬಿಹಾರದ ಮೀರ್‌ಶಿಕಾರ್ ಜನ ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದವರು. ಬಲೆ, ಕುಣಿಕೆ, ಅಂಟು ಇವುಗಳಲ್ಲಿ ಅವರಿಗೆ ಸರಿಗಟ್ಟುವವರಿಲ್ಲ. ನಮ್ಮ ನಾಡಿನ ಹಕ್ಕಿಪಿಕ್ಕಿ ಜನರಂತೆ ಅವರದೂ ಊರಿಂದೂರಿಗೆ ನಡೆದ ಕಷ್ಟದ ಬದುಕು. ಸಂಘವು ಅವರ ಕೈಚಳಕವನ್ನೇ ವಿಜ್ಞಾನದ ಸೇವೆಗೆ ಬಳಸಿಕೊಂಡಿತು. ಶಾಲೆಯ ಮೆಟ್ಟಿಲು ಹತ್ತದವರ ವಿದ್ಯೆ, ಪದವಿಯಿಲ್ಲದ ವಿದ್ವಾಂಸರ ಯೋಜನೆ, ಇವೆರಡೂ ಕೂಡಿ ಭರತಪುರದ ಜೌಗಿನಲ್ಲಿಯೂ ತಮಿಳುನಾಡಿನ ಕೋಡಿಯಕ್ಕರೈ ತೀರದಲ್ಲಿಯೂ ಸಹಸ್ರಾರು ಹಕ್ಕಿಗಳು ಉಂಗುರ ಧರಿಸಿದವು. ಕಾಲಕ್ರಮದಲ್ಲಿ ಉತ್ತರಗಳೂ ಬಂದವು. ಭರತಪುರದಲ್ಲಿ ಬಿಟ್ಟ ಬಾತುಗಳು ಹಿಮಾಲಯದಾಚೆ ಸೈಬೀರಿಯಾದಲ್ಲಿ ಸಿಕ್ಕವು. ಊಹೆಯಾಗಿದ್ದುದು ಭೂಪಟದ ಮೇಲೆ ಗೆರೆಯಾಯಿತು.

ಮಂಗನ ಕಾಯಿಲೆಯ ವಿಷಯವೇನಾಯಿತು? ಅದನ್ನು ವಲಸೆ ಹಕ್ಕಿಗಳು ಉತ್ತರದಿಂದ ತಂದುವೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಆ ವೈರಸ್ಸು ಮಲೆನಾಡಿನ ಉಣುಗು ಮತ್ತು ಕಾಡಿನ ಸಣ್ಣ ಪ್ರಾಣಿಗಳಲ್ಲಿಯೇ ನೆಲೆಸಿರುವುದೆಂದೂ, ಕಾಡು ಕಡಿದು ಜನ ದನ ಒಳಹೊಕ್ಕ ಹಾಗೆಲ್ಲ ಅದು ಹೊರಬೀಳುವುದೆಂದೂ ಮುಂದಿನ ಸಂಶೋಧನೆಗಳಿಂದ ತಿಳಿದುಬಂದಿತು. ಹುಡುಕಿದುದು ಸಿಗಲಿಲ್ಲವೆಂದು ಇದನ್ನು ಸೋಲೆನ್ನಬಹುದೆ? ನನಗೆ ಹಾಗೆನಿಸುವುದಿಲ್ಲ. ರೋಗದ ಭಯದಲ್ಲಿ ಜನ ಯಾರನ್ನಾದರೂ ಅಪರಾಧಿಯೆಂದು ತೋರಿಸಲು ಹಾತೊರೆಯುತ್ತಾರೆ. ದೂರದಿಂದ ಬಂದವನ ಮೇಲೆ ಮೊದಲು ಬೆರಳು ಚಾಚುತ್ತಾರೆ. ಆರೋಪವನ್ನು ಪರೀಕ್ಷೆಗೆ ಒಡ್ಡಿ, ಪುರಾವೆಯಿಲ್ಲವೆಂದು ಕಂಡಾಗ ಹಾಗೆಂದು ಹೇಳುವುದೇ ವಿಜ್ಞಾನದ ಧರ್ಮ.

ಈ ಕಾರ್ಯ ವಿವಾದದಿಂದ ಹೊರತಾಗಿರಲಿಲ್ಲ. ೧೯೬೦ರ ದಶಕದಲ್ಲಿ ಯೋಜನೆಗೆ ಅಮೆರಿಕದ ಸೈನ್ಯದ ವೈದ್ಯಕೀಯ ಸಂಶೋಧನೆಯ ಕಡೆಯಿಂದ ಹಣ ಬಂದಿತ್ತು. ಪರದೇಶದ ಸೈನ್ಯಕ್ಕೆ ನಮ್ಮ ಹಕ್ಕಿಗಳ ದಾರಿ ಏಕೆ ಬೇಕು, ರೋಗಾಣುಗಳ ಯುದ್ಧಕ್ಕೆ ಇದು ಪೀಠಿಕೆಯೆ ಎಂಬ ಅನುಮಾನ ದೇಶದಲ್ಲಿ ಎದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ೧೯೭೪-೭೫ರಲ್ಲಿ ಇದನ್ನು ವಿಚಾರಣೆಗೆ ಎತ್ತಿಕೊಂಡಿತು. ತಮ್ಮ ಅಧ್ಯಯನದ ಗುರಿ ವಲಸೆಯನ್ನು ಅರಿಯುವುದೊಂದೇ ಎಂದು ಸಲೀಂ ಅಲಿಯವರು ಸಮರ್ಥಿಸಿಕೊಂಡರು. ಕೇಳಬೇಕಾದ ಪ್ರಶ್ನೆಯನ್ನು ಸಂಸತ್ತು ಕೇಳಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಯಾರ ಹಣದಿಂದ ಯಾವ ಜ್ಞಾನ ಎಂಬ ಈ ವಿಚಾರ ಇಂದಿನ ವಿದ್ಯಾರ್ಥಿಗಳೂ ಯೋಚಿಸತಕ್ಕದ್ದೇ ಆಗಿದೆ.

ಗೌರವಗಳು ತಡವಾಗಿ, ಆದರೆ ಸಾಲಾಗಿ ಬಂದವು. ೧೯೫೮ರಲ್ಲಿ ಪದ್ಮಭೂಷಣ, ೧೯೭೬ರಲ್ಲಿ ಪದ್ಮವಿಭೂಷಣ ದೊರೆತವು. ಅಂತರರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯ ಹಣವನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಕೊಟ್ಟರು. ಅಮೆರಿಕದ ಡಿಲನ್ ರಿಪ್ಲೆಯವರೊಡನೆ ಬರೆದ ಭಾರತ ಉಪಖಂಡದ ಪಕ್ಷಿಗಳ ಮಹಾಗ್ರಂಥ ೧೯೬೮ರಿಂದ ೧೯೭೪ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. ಪದವಿಯಿಲ್ಲವೆಂದು ಒಂದು ಕಾಲದಲ್ಲಿ ಕೆಲಸ ಕಳೆದುಕೊಂಡ ಇವರಿಗೆ ಅಲಿಗಢ, ದೆಹಲಿ, ಆಂಧ್ರ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಮುಂಬಯಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅವರೇ ಮಾರ್ಗದರ್ಶಕರಾದರು. ೧೯೮೨ರಲ್ಲಿ ಸರ್ಕಾರ ಅವರನ್ನು ರಾಷ್ಟ್ರೀಯ ಪ್ರಾಧ್ಯಾಪಕರನ್ನಾಗಿ ಮಾಡಿತು. ೧೯೮೫ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ೧೯೮೭ನೆಯ ಇಸವಿ ಜೂನ್ ೨೦ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಆ ಸಾರ್ಥಕ ಜೀವ ದೇಹವನ್ನು ತ್ಯಜಿಸಿತು. ೨೦೧೬ರಲ್ಲಿ ಹಿಮಾಲಯದ ಕಾಡಿನಲ್ಲಿ ಹೊಸದಾಗಿ ಗುರುತಿಸಿದ ಒಂದು ಹಕ್ಕಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟಿದ್ದಾರೆ.

ಅವರ ವಿದ್ಯೆ ಇಂದು ಬಹುದೂರ ಸಾಗಿದೆ. ೧೯೯೦ರಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳನ್ನು ಅರಿವಳಿಕೆಯಿಂದ ಮಲಗಿಸಿ, ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ ಬಿಟ್ಟರು. ೨೦೦೩ರಲ್ಲಿ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಗುರುತು ಪಡೆದ ದೊಡ್ಡ ಬಿಳಿ ಶಾರ್ಕ್ ಒಂದು ಆಸ್ಟ್ರೇಲಿಯಾದವರೆಗೆ ಈಜಿದುದನ್ನು ಉಪಗ್ರಹದ ನೆರವಿನಿಂದ ತಿಳಿದರು; ಒಂಬತ್ತು ತಿಂಗಳೊಳಗೆ ಅದು ಹಿಂದಿರುಗಿತು. ಅದು ೨೦,೦೦೦ ಕಿಲೋಮೀಟರಿಗೂ ಮಿಕ್ಕ ಪಯಣ. ಸಾಧನಗಳು ಬೇರೆ, ತತ್ತ್ವ ಒಂದೇ. ಹಿಡಿಯುವುದು ಇಟ್ಟುಕೊಳ್ಳುವುದಕ್ಕಲ್ಲ, ಬಿಡುವುದಕ್ಕೆ. ಬಿಟ್ಟರೇ ತಿಳಿವು.

ಸಲೀಂ ಅಲಿಯವರ ಚರಿತ್ರೆಯಿಂದ ನಾವು ಪದವಿ ವ್ಯರ್ಥವೆಂಬ ನೀತಿಯನ್ನು ಎತ್ತಿಕೊಳ್ಳಬಾರದು. ನಮ್ಮಲ್ಲಿ ಹಲವರ ಮನೆಗೆ ಇದು ಮೊದಲನೆಯ ಪದವಿ; ಅದಕ್ಕಾಗಿ ತಾಯಿತಂದೆಗಳು ಪಟ್ಟ ಪಾಡು ಸಣ್ಣದಲ್ಲ. ಅವರ ಬಾಳು ಹೇಳುವುದು ಇಷ್ಟು: ಪದವಿ ಬಾಗಿಲನ್ನು ತೆರೆಯಬಹುದು, ಒಳಗೆ ಕುಳಿತು ನೋಡುವ ತಾಳ್ಮೆಯನ್ನು ನಾವೇ ಗಳಿಸಬೇಕು. ನೋಡುವುದಕ್ಕೆ ನಮಗೇನು ಕೊರತೆ? ನಂದಿಬೆಟ್ಟದ ಬಂಡೆಗಳ ನಡುವೆ, ಪ್ರಪಂಚದಲ್ಲಿ ದಕ್ಷಿಣ ಭಾರತದ ಹೊರತು ಬೇರೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರವಿದೆ. ನಮ್ಮ ಗಡಿಯಾಚೆ ಚಿಲಮತ್ತೂರಿನ ಬಳಿಯ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಳ್ಳಿಗರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ.

ಕೊನೆಯದಾಗಿ ಸಹಪಾಠಿಗಳಲ್ಲಿ ಒಂದು ವಿನಂತಿ. ನಮ್ಮ ಕೆರೆಯ ದಂಡೆಯಲ್ಲಿ ಸತ್ತು ಬಿದ್ದ ಹಕ್ಕಿಯ ಕಾಲಿನಲ್ಲಿ ಎಂದಾದರೂ ಒಂದು ಲೋಹದ ಉಂಗುರ ಕಂಡರೆ ಎಸೆಯಬೇಡಿ. ಅದರ ಮೇಲಿನ ಸಂಖ್ಯೆಯನ್ನೂ ವಿಳಾಸವನ್ನೂ, ಸಿಕ್ಕ ದಿನವನ್ನೂ ಸ್ಥಳವನ್ನೂ ಬರೆದುಕೊಂಡು, ಆ ವಿಳಾಸಕ್ಕೆ ತಿಳಿಸಿ. ಹಕ್ಕಿ ಬದುಕಿದ್ದರೆ ಸಂಖ್ಯೆಯನ್ನು ಓದಿಕೊಂಡು, ಉಂಗುರ ತೆಗೆಯದೆ ಹಾರಲು ಬಿಡಿ. ಎಲ್ಲಿಯೋ ಯಾರ ಕೈಯೋ ಅದನ್ನು ನಂಬಿಕೆಯಿಂದ ಬಿಟ್ಟಿರುತ್ತದೆ. ಆ ನಂಬಿಕೆಗೆ ನಮ್ಮ ತಾಲ್ಲೂಕಿನಿಂದಲೂ ಒಂದು ಉತ್ತರ ಹೋಗಲಿ.